ದೊಡ್ಡಮ್ಮನ ಮನೆಗೆ ಎಷ್ಟು ವಯಸ್ಸು?

ಕೇಳುಗರಿಗೆ ನಮಸ್ಕಾರ.

ಶಿವಮೊಗ್ಗದ ಕೋಟೆ ಕಡೆ ಹಳೇ ಮನೆ ಇರುವ ಯಾರನ್ನಾದರೂ ಕೇಳಿ ನೋಡಿ, ಈ ಮನೆ ಎಷ್ಟು ವರ್ಷದ್ದು ಅಂತ. 'ಶಿವಪ್ಪ ನಾಯಕನ ಕಾಲದ್ದು' ಅಂತಲೇ ಹೇಳುತ್ತಾರೆ. ಶಿವಪ್ಪ ನಾಯಕ ಕೆಳದಿ ರಾಜ್ಯವನ್ನು ಆಳಿದ್ದು 1645ರಿಂದ 1660ರವರೆಗೆ, 15 ವರ್ಷ. ಎಲ್ಲರ ಮಾತನ್ನೂ ನಂಬಿದರೆ ಆ 15 ವರ್ಷ ಊರಿನ ಬಡಗಿಗಳಿಗೆ ಉಣ್ಣುವುದಕ್ಕೂ ಪುರುಸೊತ್ತು ಸಿಕ್ಕಿರಲಾರದು.

ನಮ್ಮ ದೊಡ್ಡಮ್ಮನದೂ ಅದೇ ಮಾತು. ಅವರ ಮನೆ ಕೋಟೆಯಲ್ಲೇ ಇದೆ. ಬೀದಿಗೆ ಜಗಲಿ, ಒಳಗೆ ತೊಟ್ಟಿ, ತೊಟ್ಟಿಯ ಸುತ್ತ ಮರದ ಕಂಬಗಳು, ಮೇಲೆ ತಲೆ ತಗ್ಗಿಸಿ ಓಡಾಡಬೇಕಾದ ಉಪ್ಪರಿಗೆ, ಹಿಂದೆ ಅಡಿಗೆಮನೆ, ಬಚ್ಚಲು, ಬಾವಿ, ಒಂದು ಕರಿಬೇವಿನ ಮರ. ಹೋದ ಮಳೆಗಾಲದಲ್ಲಿ ಅಡಿಗೆಮನೆಯ ಮೂಲೆ ಕುಸಿಯಿತು. 'ರಿಪೇರಿಗೆ ಮುಂಚೆ ಒಂದು ನಕ್ಷೆ ಬರೆದುಕೊಡೋ' ಅಂದರು ದೊಡ್ಡಮ್ಮ. ನಾನು ಇತಿಹಾಸ ಓದಿದವನಲ್ಲ. ಕಚೇರಿಯಲ್ಲಿ ಕೂತು ಕಟ್ಟಡಗಳ ನಕ್ಷೆ ಬರೆದು ನಿವೃತ್ತನಾದವನು. ಒಂದು ಟೇಪು, ಒಂದು ಟಾರ್ಚು, ಒಂದು ಹಳೇ ಬ್ರಷ್ಷು ಹಿಡಿದುಕೊಂಡು ಹೋದೆ. ಎರಡು ದಿನದ ಕೆಲಸ ಅಂದುಕೊಂಡಿದ್ದು ಎರಡು ತಿಂಗಳಾಯಿತು.

ದೊಡ್ಡಮ್ಮನ ಮನೆಗೆ ಹೋಗುವ ಮೊದಲು, ನಿಮಗೆಲ್ಲ ಗೊತ್ತಿರುವ ಇನ್ನೊಂದು ಮನೆಯನ್ನು ನೋಡಿಬಿಡೋಣ. ತುಂಗೆಯ ದಡದಲ್ಲಿರುವ ಶಿವಪ್ಪ ನಾಯಕನ ಅರಮನೆ. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಅಂಗಳದಲ್ಲಿ ಸುತ್ತಲ ಊರುಗಳಿಂದ ತಂದ ವೀರಗಲ್ಲು, ಶಿಲ್ಪ ಎಲ್ಲ ಇವೆ. ಸ್ಕೂಲ್ ಮಕ್ಕಳು ಅವನ್ನು ನೋಡಿ, ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನೀವು ಹೋದಾಗ ಒಳಗಿನ ದರ್ಬಾರು ಹಾಲ್‌ನಲ್ಲಿ ಸುಮ್ನೆ ಐದು ನಿಮಿಷ ನಿಲ್ಲಿ. ಭಾರಿ ಮರದ ಕಂಬಗಳು. ಕಂಬದಿಂದ ಕಂಬಕ್ಕೆ ಹೂವಿನ ಎಸಳಿನ ಹಾಗೆ ಬಾಗಿದ ಕಮಾನು. ಪಕ್ಕದಲ್ಲಿ ಮೇಲಂತಸ್ತಿನ ಕೋಣೆಗಳು, ಅಲ್ಲಿಂದ ಕೆಳಗಿನ ಹಾಲ್‌ಗೆ ಇಣುಕುವ ಬಾಲ್ಕನಿ. ಇಂಥದ್ದನ್ನು ಬೇರೆಲ್ಲೋ ನೋಡಿದ್ದೇನಲ್ಲ ಅನ್ನಿಸುತ್ತದೆ. ಬೆಂಗಳೂರಿನ ಕೋಟೆ ಹತ್ತಿರದ ಟಿಪ್ಪು ಅರಮನೆಯಲ್ಲಿ ನೋಡಿರುತ್ತೀರಿ. ಅದನ್ನು ಹೈದರಾಲಿ ಶುರು ಮಾಡಿದ, 1791ರಲ್ಲಿ ಟಿಪ್ಪು ಮುಗಿಸಿದ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲೂ ಇದೇ ಥರದ ಕಂಬ, ಕಮಾನು. ಹೈದರಾಲಿ ರಾಜಧಾನಿ ಬಿದನೂರನ್ನು ಗೆದ್ದು ಕೆಳದಿಯವರ ಆಳ್ವಿಕೆ ಮುಗಿದದ್ದು 1763ರಲ್ಲಿ. ನಮ್ಮ ಅರಮನೆಯೂ ಆಮೇಲಿನದು, ಹೈದರಾಲಿ ಕಟ್ಟಿಸಿದ್ದು ಅಂತ ಕಲಾ ಇತಿಹಾಸಕಾರ ಜಾರ್ಜ್ ಮಿಚೆಲ್ ಬರೆದಿದ್ದಾರೆ. ಕಂಬಗಳನ್ನು ನೋಡಿದರೆ ನನಗೂ ಅದೇ ಸರಿ ಅನ್ನಿಸುತ್ತದೆ. ಊರು ಮಾತ್ರ ಹೆಸರನ್ನು ತನಗೆ ಪ್ರೀತಿ ಇದ್ದವನಿಗೆ ಕೊಟ್ಟಿದೆ. ಕೊಡಲಿ ಬಿಡಿ. ಆದರೆ ಹೆಸರು ನೋಡಿ ಮನೆಯ ವಯಸ್ಸು ಹೇಳೋಕೆ ಬರುವುದಿಲ್ಲ ಅನ್ನೋದು ನನಗೆ ಅಲ್ಲೇ ಖಾತ್ರಿಯಾಯಿತು.

ಹಾಗಾದರೆ ಕೆಳದಿ ಕಾಲದ ಮನೆಗಳು ಎಲ್ಲಿ ಹೋದವು? ಮಳೆಗೆ ಹೋದವು, ಗೆದ್ದಲಿಗೆ ಹೋದವು, ಬೆಂಕಿಗೆ ಹೋದವು. 1623ರಲ್ಲಿ ಪಿಯೆತ್ರೋ ದೆಲ್ಲಾ ವಾಲೆ ಅನ್ನುವ ಇಟಲಿಯವನು ಕೆಳದಿಯವರ ಆಗಿನ ರಾಜಧಾನಿ ಇಕ್ಕೇರಿಗೆ ಬಂದಿದ್ದ. ಆಗ ಅಲ್ಲಿ ಆಳುತ್ತಿದ್ದವನು ವೆಂಕಟಪ್ಪ ನಾಯಕ. ಊರು ದೊಡ್ಡದು, ಆದರೆ ಮನೆಗಳು ದೂರ ದೂರ, ಅಂಥಾ ಗಟ್ಟಿ ಕಟ್ಟಡಗಳೂ ಅಲ್ಲ ಅಂತ ಬರೆದಿದ್ದಾನೆ. ಊರಿನ ಹೊರಸುತ್ತಿಗೆ ಕಲ್ಲಿನ ಗೋಡೆ ಇರಲಿಲ್ಲವಂತೆ, ಒತ್ತಾಗಿ ಬೆಳೆಸಿದ ಬಿದಿರೇ ಕೋಟೆ. ಸಗಣಿ ಸಾರಿಸಿದ ನೆಲ ನೋಡಿ ಬೆರಗಾಗಿ, ಇಟಲಿಗೆ ಹೋದ ಮೇಲೆ ತಾನೂ ಮಾಡಿಸಿ ನೋಡುತ್ತೇನೆ ಅಂದಿದ್ದಾನೆ. ರೋಮ್‌ನಲ್ಲಿ ಯಾರಿಗೆ ಸಾರಿಸಲು ಹೇಳಿದನೋ ಪುಣ್ಯಾತ್ಮ!

ಇವತ್ತು ಇಕ್ಕೇರಿಯಲ್ಲಿ ಕಲ್ಲಿನ ಅಘೋರೇಶ್ವರ ದೇವಸ್ಥಾನ ಗಟ್ಟಿಯಾಗಿ ನಿಂತಿದೆ, ಅರಮನೆ ಇಲ್ಲ. ತೀರ್ಥಹಳ್ಳಿ ತಾಲೂಕಿನಲ್ಲಿರುವ ಕೆಳದಿಯವರ ಬೆಟ್ಟದ ಕೋಟೆ ಕವಲೇದುರ್ಗಕ್ಕೆ ಹತ್ತಿದವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿ ಅಗೆದಾಗ ಸಿಕ್ಕಿದ್ದು ಅರಮನೆಯ ಪಾಯ. ಕೋಣೆಗಳ ಕಲ್ಲುಕಟ್ಟು, ನೀರು ಹೋಗುವ ಕಾಲುವೆ, ಐದು ಬಾಯಿಯ ಕಲ್ಲಿನ ಒಲೆ. ಅದರ ಮೇಲಿದ್ದ ಕಂಬ, ತೊಲೆ, ಮಾಡು ಒಂದೂ ಇಲ್ಲ. ಮಲೆನಾಡಿನಲ್ಲಿ ಮನೆ ಕರಗುತ್ತದೆ, ಪಾಯ ಉಳಿಯುತ್ತದೆ. ಕುಪ್ಪಳಿಯ ಕವಿಮನೆಯನ್ನೇ ನೋಡಿ. ಮೂರು ಅಂತಸ್ತಿನ ಅಂಥಾ ತೊಟ್ಟಿಮನೆಯನ್ನೂ ಮತ್ತೆ ಎತ್ತಿ ಕಟ್ಟಬೇಕಾಯಿತು.

ಸರಿ, ಈಗ ದೊಡ್ಡಮ್ಮನ ಮನೆಗೆ ಬನ್ನಿ. ಮೇಲಿಂದ ಶುರು ಮಾಡಿದೆ.

ಹಂಚು ಮಂಗಳೂರಿನದು. ಒಂದನ್ನು ಇಳಿಸಿ ತೊಳೆದರೆ ಹಿಂಬದಿಯಲ್ಲಿ ಕಾರ್ಖಾನೆಯ ಅಚ್ಚು ಕಾಣುತ್ತದೆ. ಮಂಗಳೂರಿನ ಜೆಪ್ಪಿನಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ತೆಗೆದದ್ದು 1865ರಲ್ಲಿ. ಹಾಗಾಗಿ ಈ ಮಾಡು 1865ಕ್ಕಿಂತ ಹಿಂದಿನದಂತೂ ಅಲ್ಲ. ಇದು ಮಾಡಿನ ಮಾತು, ಮನೆಯ ಮಾತಲ್ಲ. ತಲೆಗೆ ಹೊಸ ಟೋಪಿ ಹಾಕಿದರೆ ಮನುಷ್ಯನ ವಯಸ್ಸು ಕಮ್ಮಿ ಆಗುವುದಿಲ್ಲ, ಅಲ್ವಾ?

ಉಪ್ಪರಿಗೆಯ ಕೊನೆಯ ಗೋಡೆಗೆ ಟಾರ್ಚು ಬಿಟ್ಟೆ. ಗೋಡೆಯ ಮೇಲೆ ಓರೆಯಾಗಿ ಒಂದು ಗೆರೆ. ಗೆರೆಯ ಕೆಳಗೆ ಕೈಗೆ ಅಂಟುವಷ್ಟು ದಪ್ಪ ಇಲ್ಲಣ. ಮೇಲೆ ತೆಳ್ಳಗೆ ಬರೀ ಹೊಗೆಯ ಬಣ್ಣ. ಹಾಗೇ ನೋಡುತ್ತಾ ನಿಂತೆ. ಆಮೇಲೆ ಹೊಳೆಯಿತು, ಆ ಗೆರೆ ಹಿಂದಿನ ಮಾಡಿನದು! ಮುಂಚೆ ಮಾಡು ಇನ್ನೂ ತಗ್ಗಾಗಿತ್ತು, ಇಳಿಜಾರೂ ಕಮ್ಮಿ ಇತ್ತು. ಅಂದರೆ ನಾಡಹಂಚು ಇತ್ತು. ಕುಂಬಾರರು ತಿಗರಿಯ ಮೇಲೆ ಕೊಳವೆ ಮಾಡಿ ಉದ್ದಕ್ಕೆ ಸೀಳಿ ಸುಡುತ್ತಿದ್ದ ಹಂಚು ಅದು. ಅದಕ್ಕೆ ಹಿಡಿತ ಇಲ್ಲ, ಸುಮ್ನೆ ಹೊದಿಸಿಡುವುದು. ಇಳಿಜಾರು ಜಾಸ್ತಿಯಾದರೆ ಜಾರುತ್ತದೆ. ಮಂಗಳೂರು ಹಂಚಿಗೆ ಹಿಂಬದಿಯಲ್ಲಿ ಮೂಗಿರುತ್ತದೆ, ರೀಪಿಗೆ ಕಚ್ಚಿಕೊಳ್ಳುತ್ತದೆ. ಹಾಗಾಗಿ ಅದು ಬಂದಾಗ ಮಾಡನ್ನು ಎತ್ತರಿಸಿದ್ದಾರೆ. ಎಷ್ಟೋ ತಲೆಮಾರಿನ ಒಲೆಯ ಹೊಗೆ ಹಳೇ ಗೆರೆಯ ಕೆಳಗೆ ಕೂತಿದೆ. ದೊಡ್ಡಮ್ಮನಿಗೆ ತೋರಿಸಿದರೆ, 'ಪ್ರತಿ ದೀಪಾವಳಿಗೂ ಇದನ್ನು ಒರೆಸೋಕೆ ಆಗಲಿಲ್ಲವಲ್ಲ ಅಂತ ನನಗೆ ನಾಚಿಕೆ, ನೀನು ಫೋಟೋ ಬೇರೆ ತೆಗಿತೀಯ' ಅಂತ ಬೈದರು.

ಕಂಬಗಳು ಹಲಸಿನವು. ಬಡಗಿಗಳು ಮೊದಲು ನೆಲದ ಮೇಲೆ ಎಲ್ಲ ಜೋಡಿಸಿ ನೋಡಿ, ಯಾವ ತೊಲೆ ಯಾವ ಕಂಬಕ್ಕೆ ಅಂತ ಉಳಿಯಲ್ಲಿ ಗೀರು ಹಾಕುತ್ತಾರೆ. ಒಂದು ಗೀರಿನ ತೊಲೆ ಒಂದು ಗೀರಿನ ಕಂಬಕ್ಕೆ. ಬ್ರಷ್ಷಿನಲ್ಲಿ ಉಜ್ಜಿ ನೋಡಿದರೆ ಮೂರು ಗೀರಿನ ತೊಲೆ ಎರಡು ಗೀರಿನ ಕಂಬದ ಮೇಲೆ ಕೂತಿದೆ! ಇನ್ನೊಂದು ಕಂಬದಲ್ಲಿ ತೊಲೆ ಕೂರುವ ಗೂಡು ಖಾಲಿ ಬಿದ್ದಿದೆ. ಅಂದರೆ ಈ ಕಂಬಗಳನ್ನು ಒಮ್ಮೆ ಬಿಚ್ಚಿ ಮತ್ತೆ ನಿಲ್ಲಿಸಿದ್ದಾರೆ. ಮಾಡು ಎತ್ತರಿಸಿದಾಗಲೋ, ಬೇರೆ ಮನೆಯಿಂದ ತಂದಾಗಲೋ. ಒಳ್ಳೆ ಮರವನ್ನು ನಮ್ಮ ಕಡೆ ಯಾರೂ ಬಿಸಾಡುವುದಿಲ್ಲ.

ಆಮೇಲೆ ಅಳತೆ. ಇದು ನನ್ನ ಕಸುಬು, ಸ್ವಲ್ಪ ಹೊತ್ತು ತಗೊಳ್ಳುತ್ತೇನೆ. ತೊಟ್ಟಿಯ ಅಗಲ 87½ ಇಂಚು. ತೊಟ್ಟಿಯ ಉದ್ದ 122½ ಇಂಚು. ಪಡಸಾಲೆಯ ಉದ್ದ 157½ ಇಂಚು. ಅಡಿಯ ಲೆಕ್ಕಕ್ಕೆ ಒಂದೂ ಸರಿ ಕೂರುವುದಿಲ್ಲ. ಆದರೆ ಒಂದರಿಂದ ಇನ್ನೊಂದಕ್ಕೆ ಸರಿಯಾಗಿ 35 ಇಂಚಿನ ಅಂತರ. ಅದರ ಅರ್ಧ 17½. ಭಾಗಿಸಿ ನೋಡಿದೆ. 5, 7, 9. ಮೊಳ!

ಹಿಂದೆ ಮನೆ ಕಟ್ಟುವಾಗ ಆಯ ನೋಡುತ್ತಿದ್ದರು, ಈಗಲೂ ನೋಡುವವರಿದ್ದಾರೆ. ಉದ್ದ ಅಗಲದ ಲೆಕ್ಕದಿಂದ ಆಯ ಬರುತ್ತದೆ. 8 ಆಯಗಳಲ್ಲಿ ಧ್ವಜ, ಸಿಂಹ, ವೃಷಭ, ಗಜ ಒಳ್ಳೆಯವು. ಎಷ್ಟೋ ಕಡೆ ಆ ಲೆಕ್ಕಕ್ಕೆ ಕೋಲು ಹಿಡಿಯುತ್ತಿದ್ದದ್ದು ಮನೆ ಕಟ್ಟಿಸುವ ಯಜಮಾನನ ಮೊಳದಿಂದಲೇ. ಮೊಣಕೈಯಿಂದ ನಡುಬೆರಳಿನ ತುದಿವರೆಗೆ. ನನ್ನ ಮೊಳ 18 ಇಂಚು. ಹಾಗಾದರೆ ಈ ಮನೆ ಕಟ್ಟಿಸಿದಾತ ನನಗಿಂತ ಒಂಚೂರು ಗಿಡ್ಡ. ಅವನ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಕೈಯ ಉದ್ದ ಮಾತ್ರ ಸಿಕ್ಕಿತು. ಆವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮಾರನೇ ದಿನ ಅಡಿಗೆಮನೆ ಅಳೆದೆ. ಸರಿಯಾಗಿ 10 ಅಡಿ, 12 ಅಡಿ. ಮೊಳದ ಲೆಕ್ಕವೇ ಇಲ್ಲ! ಅಂದರೆ ಅಡಿಗೆಮನೆ ಕಟ್ಟಿದವನ ಕೈಯಲ್ಲಿ ಅಡಿಯ ಕೋಲಿತ್ತು. ಆಗ ದೊಡ್ಡಮ್ಮನ ಟ್ರಂಕಿನಿಂದ ಹಳೇ ಕ್ರಯಪತ್ರ ತೆಗೆಸಿದೆ. ಚಕ್ಕುಬಂದಿ ಓದಿದೆ. ಮೂಡಲು ಬೀದಿ, ಬಡಗಲು ತೆಂಕಲು ಅಕ್ಕಪಕ್ಕದವರ ಮನೆ, ಪಡುವಲು ಕೋಟೆ ಕಂದಕ. ಈಗ ಪಡುವಲಲ್ಲಿ ಕಂದಕವೂ ಇಲ್ಲ, ಗುಂಡಿಯೂ ಇಲ್ಲ. ಅಡಿಗೆಮನೆ ಇದೆ.

ಕುಸಿದದ್ದೂ ಅದೇ ಮೂಲೆ. ಹೆಗ್ಗಣ ತೋಡಿದ್ದು ಅಂತ ಮೇಸ್ತ್ರಿ ಹೇಳಿದ್ದ. ಹಿಂದೊಮ್ಮೆ ಅಲ್ಲಿನ ಮಣ್ಣುಗೋಡೆಗೆ ಸಿಮೆಂಟು ಮೆತ್ತಿಸಿದ್ದ ಇನ್ನೊಬ್ಬ ಮೇಸ್ತ್ರಿಯದೂ ಸ್ವಲ್ಪ ತಪ್ಪಿದೆ. ಮಣ್ಣಿನ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಸುಣ್ಣ ಬಳಿದರೆ ಅದಕ್ಕೆ ಅಡ್ಡಿಯಿಲ್ಲ, ಸಿಮೆಂಟು ಬಳಿದರೆ ನೀರು ಒಳಗೇ ಉಳಿದು ಗೋಡೆ ಉಬ್ಬುತ್ತದೆ. ಆದರೆ ಮುಖ್ಯ ಕಾರಣ ಅಡಿಯಲ್ಲಿದೆ. ಕಂದಕಕ್ಕೆ ತುಂಬಿದ ಸಡಿಲ ಮಣ್ಣಿನ ಮೇಲೆ ಪಾಯ ಹಾಕಿದ್ದಾರೆ. 1791ರ ಡಿಸೆಂಬರ್‌ನಲ್ಲಿ ಶಿವಮೊಗ್ಗದ ಹತ್ತಿರ ಯುದ್ಧ ಮಾಡಿ, ಕೆಲವೇ ದಿನದಲ್ಲಿ ಈ ಕೋಟೆಯನ್ನು ತೆಗೆದುಕೊಂಡವನು ಮರಾಠರ ಪರಶುರಾಮ ಭಾವು. ಆಗ ಬೇಕಾಗಿದ್ದ ಕಂದಕ ಆಮೇಲೆ ಯಾರಿಗೂ ಬೇಡವಾಯಿತು. ಊರು ಅದನ್ನು ಕಸ, ಮಣ್ಣು ಹಾಕಿ ಮುಚ್ಚಿತು. ನಮ್ಮವರು ಅದರ ಮೇಲೆ ಒಲೆ ಹೂಡಿದರು.

'ಹಾಗಾದರೆ ಶಿವಪ್ಪ ನಾಯಕನ ಕಾಲದ್ದು ಅಲ್ಲವೇನೋ?' ಅಂದರು ದೊಡ್ಡಮ್ಮ.

'ಯಾವುದು ದೊಡ್ಡಮ್ಮ? ಹಂಚಾ, ಕಂಬಾನಾ, ಅಡಿಗೆಮನೇನಾ?' ಅಂದೆ.

'ಬಚ್ಚಲ ಕಲ್ಲು' ಅಂದರು.

ಅದನ್ನು ನಾನು ನೋಡಿಯೇ ಇರಲಿಲ್ಲ. ಬಚ್ಚಲಿಗೆ ಇಳಿಯುವಲ್ಲಿ ಒಂದು ಚಪ್ಪಡಿ ಇದೆ. ಮೇಲೆ ಚೊಂಬು ಇಡುವ ಗುಂಡಿ ಅಂತ ಎಲ್ಲರೂ ಅಂದುಕೊಂಡದ್ದು. ಬೆರಳು ಹಾಕಿ ನೋಡಿದೆ. ಗುಂಡಿಯ ಒಳಮೈ ಗಾಜಿನ ಹಾಗೆ ನುಣ್ಣಗೆ ಸವೆದಿದೆ, ಅದೂ ಒಂದೇ ಬದಿಗೆ. ಅದು ಚೊಂಬಿನದಲ್ಲ. ಹಳೇ ಕದಕ್ಕೆ ಕೀಲು ಇರುತ್ತಿರಲಿಲ್ಲ, ಕದದ ಗೂಟವೇ ಕಲ್ಲಿನ ಕುಳಿಯಲ್ಲಿ ಕೂತು ತಿರುಗುತ್ತಿತ್ತು. ಇದು ಅಂಥ ಕುಳಿ. ಬಾಯಿ 4 ಇಂಚು ಅಗಲ ಇದೆ. ದೊಡ್ಡಮ್ಮನ ಮುಂಬಾಗಿಲ ಗೂಟ 2 ಇಂಚೂ ಇಲ್ಲ. ಅಷ್ಟು ದಪ್ಪ ಗೂಟದ ಕದ ಮನೆಯ ಬಾಗಿಲಿಗೆ ಇರುವುದಿಲ್ಲ.

ಮಳೆ ನಿಂತ ಮೇಲೆ ಚಪ್ಪಡಿಯನ್ನು ಎತ್ತಿಸಬೇಕು ಅಂತಿದ್ದೇವೆ. ಅಡಿಮೈಯಲ್ಲಿ ಏನಾದರೂ ಕೆತ್ತನೆ ಇದೆಯೋ ನೋಡಬೇಕು. ಅಲ್ಲಿವರೆಗೆ ಅದರ ಮೇಲೆ ಬಟ್ಟೆ ಒಗೆಯಬೇಡಿ ಅಂದೆ. 'ಮತ್ತೆ ಎಲ್ಲಿ ಒಗೀಲಿ?' ಅಂತ ಕೇಳಿದರು ದೊಡ್ಡಮ್ಮ. ಉತ್ತರ ಹೊಳೆಯಲಿಲ್ಲ.

ನಮಸ್ಕಾರ.