ಮೇಡೇ ಎಂದವರಿಗೆ ದಂಡವೇ?

ಕೇಳುಗರೇ, ನಮಸ್ಕಾರ. ವಿಮಾನ ಅಪಾಯದಲ್ಲಿದೆ ಎಂದು ಪೈಲಟ್ ರೇಡಿಯೋದಲ್ಲಿ ಕೂಗುವ ಮಾತು ‘ಮೇಡೇ’. ಹಾಗೆ ಕೂಗಿದವರಿಗೆ ಶಿಕ್ಷೆಯಾಗುತ್ತದೆಯೇ?

1990ರ ಜನವರಿ 25, ರಾತ್ರಿ. ಕೊಲಂಬಿಯಾದಿಂದ ಹೊರಟ ಆವಿಯಾಂಕಾ ವಿಮಾನ ಸಂಸ್ಥೆಯ ಬೋಯಿಂಗ್ 707 ಒಂದು ಗಂಟೆಗೂ ಹೆಚ್ಚು ಹೊತ್ತು ಆಕಾಶದಲ್ಲೇ ಸುತ್ತಿ ನ್ಯೂಯಾರ್ಕಿನ ಹತ್ತಿರ ಬಂದಿತ್ತು. ಇಳಿಯುವ ಮೊದಲ ಯತ್ನ ಕೈಕೊಟ್ಟಿತು. ‘ತುರ್ತುಸ್ಥಿತಿ ಅಂತ ಹೇಳು’ ಎಂದರು ಕ್ಯಾಪ್ಟನ್. ಸಹ ಪೈಲಟ್ ರೇಡಿಯೋದಲ್ಲಿ ಹೇಳಿದ್ದು ‘ಇಂಧನ ಮುಗಿಯುತ್ತಿದೆ’ ಎಂದಷ್ಟೆ. ನೆಲದಲ್ಲಿ ಕುಳಿತ ವಿಮಾನ ಸಂಚಾರ ನಿಯಂತ್ರಕರ ಕಿವಿಗೆ ಅದು ಆ ರಾತ್ರಿಯ ಹತ್ತಾರು ಮಾತುಗಳಲ್ಲಿ ಒಂದಾಯಿತು. ವಿಮಾನ ಲಾಂಗ್ ಐಲೆಂಡಿನಲ್ಲಿ ಬಿತ್ತು; 73 ಜನ ಸತ್ತರು.

ಅಲ್ಲಿ ಅಡ್ಡಬಂದದ್ದು ದಂಡದ ಭಯವಲ್ಲ, ಮಾತು. ಆದರೆ ಎಷ್ಟೋ ಪೈಲಟ್‌ಗಳ ನಾಲಗೆ ಹಿಡಿಯುವುದು ಭಯವೇ. ‘ಮೇಡೇ’ ಎಂದು ಕೂಗಿದರೆ ನಾಳೆ ವಿಚಾರಣೆ, ಲೈಸೆನ್ಸಿಗೆ ಕುತ್ತು ಎಂಬ ಅಳುಕು.

ಅಮೆರಿಕದ ನಿಯಮ ಏನನ್ನುತ್ತದೆ ನೋಡಿ. ಅಲ್ಲಿನ ವಿಮಾನಯಾನ ನಿಯಮಾವಳಿಯ 91.3ನೇ ನಿಯಮದ ಪ್ರಕಾರ, ತಕ್ಷಣ ಏನಾದರೂ ಮಾಡಲೇಬೇಕಾದ ತುರ್ತಿನಲ್ಲಿ ಮುಖ್ಯ ಪೈಲಟ್ ಹಾರಾಟದ ನಿಯಮಗಳನ್ನು ಬೇಕಾದಷ್ಟರ ಮಟ್ಟಿಗೆ ಮೀರಬಹುದು. ಆಮೇಲೆ ವಿಮಾನಯಾನ ಇಲಾಖೆ ಕೇಳಿದರೆ ಲಿಖಿತ ವರದಿ ಕೊಡಬೇಕು. ನಿಯಂತ್ರಕರು ಬೇರೆ ವಿಮಾನಗಳನ್ನು ಸರಿಸಿ ಆ ಪೈಲಟ್‌ಗೆ ದಾರಿ ಬಿಟ್ಟುಕೊಟ್ಟಿದ್ದರೆ, ನಿಯಮ ಮುರಿಯದಿದ್ದರೂ 48 ಗಂಟೆಯೊಳಗೆ ವಿವರ ಬರೆಯಬೇಕಾದೀತು. ಅದೂ ಕೇಳಿದರೆ ಮಾತ್ರ. ಸರ್ಕಾರಿ ಕಾನೂನೊಂದರಲ್ಲಿ ‘ಕೇಳಿದರೆ’ ಎಂಬ ಪದ ಇಷ್ಟು ಮೆತ್ತಗೆ ಕೂತಿರುವುದನ್ನು ನಾನು ಹೆಚ್ಚು ಕಂಡಿಲ್ಲ.

ಹಾಗಾದರೆ ಶಿಕ್ಷೆಯೇ ಇಲ್ಲವೇ? ಇದೆ, ಆದರೆ ಬೇರೆ ಕಡೆ. ಸಣ್ಣ ವಿಮಾನವೊಂದು ಇಂಧನ ಬತ್ತಿ ಮೇಡೇ ಕೂಗಿತು ಅನ್ನಿ. ಎಲ್ಲರೂ ದಾರಿ ಬಿಟ್ಟರು, ಕ್ಷೇಮವಾಗಿ ಇಳಿಯಿತು. ಕೂಗಿದ್ದಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ. ಕೇಳುವುದು, ಹೊರಡುವಾಗ ಟ್ಯಾಂಕಿನಲ್ಲಿ ಎಷ್ಟಿತ್ತು ಎಂದು. ಕಣ್ಣಳತೆಯ ಹಾರಾಟಕ್ಕೆ, ಅಂದರೆ ಹೊರಗೆ ಕಣ್ಣಿಗೆ ಕಾಣುವುದನ್ನು ನೋಡಿಕೊಂಡು ಹಾರಲು, ಹೊರಡುವವರು ಗುರಿ ತಲುಪಿದ ಮೇಲೂ ಹಗಲಲ್ಲಿ 30 ನಿಮಿಷ, ರಾತ್ರಿ 45 ನಿಮಿಷ ಹಾರುವಷ್ಟು ಇಂಧನ ಉಳಿಯುವಂತೆ ಲೆಕ್ಕ ಹಾಕಿರಬೇಕು. ಆ ಲೆಕ್ಕ ಹಾಕದೆಯೇ ಹೊರಟಿದ್ದರೆ, ಅಜಾಗರೂಕತೆಯ ಆರೋಪಕ್ಕೂ ಜಾಗವಿದೆ. ತುರ್ತಿನ ರಿಯಾಯಿತಿ ತುರ್ತು ಹುಟ್ಟಿದ ಮೇಲಿನದಕ್ಕೆ. ಅದನ್ನು ಹುಟ್ಟಿಸಿದ ಸೋಮಾರಿತನಕ್ಕಲ್ಲ. ಇದು ನನಗೆ ನ್ಯಾಯವೆಂದೇ ತೋರುತ್ತದೆ.

ತಿಳಿಯದೆ ತಪ್ಪಿದವರಿಗೆ ಇನ್ನೊಂದು ಬಾಗಿಲಿದೆ. 1976ರಿಂದ ನಾಸಾ ನಡೆಸುತ್ತಿರುವ ಸುರಕ್ಷತಾ ವರದಿ ವ್ಯವಸ್ಥೆಗೆ 10 ದಿನದೊಳಗೆ ನಡೆದದ್ದನ್ನು ಬರೆದು ಕಳಿಸಿದರೆ, ಕೆಲವು ಷರತ್ತುಗಳ ಮೇಲೆ, ತಪ್ಪು ಸಾಬೀತಾದರೂ ಲೈಸೆನ್ಸ್ ಅಮಾನತು ತಪ್ಪುತ್ತದೆ. ಉದ್ದೇಶಪೂರ್ವಕ ತಪ್ಪಿಗೆ, ಅಪಘಾತಕ್ಕೆ ಇದು ಸಲ್ಲದು.

ಇನ್ನೊಂದು ವಿಷಯ, ಪೈಲಟ್‌ಗಳೂ ಮರೆಯುವಂಥದ್ದು. ಪೈಲಟ್ ಬಾಯಿ ಬಿಡದಿದ್ದರೂ, ಅನುಮಾನ ಬಂದರೆ ನಿಯಂತ್ರಕರೇ ಆ ವಿಮಾನವನ್ನು ತುರ್ತಿನದೆಂದು ನಡೆಸಿಕೊಳ್ಳಬಹುದು. ಸುಮ್ಮನಿದ್ದವರಿಗೂ ಕಾಗದಪತ್ರ ತಪ್ಪೀತೆಂಬ ಖಾತ್ರಿಯಿಲ್ಲ.

ನಮಸ್ಕಾರ.