ಪೇರ್ ಮಾಡಿ ಮರೆತಿದ್ದೀರಾ?

ಎಲ್ಲರಿಗೂ ನಮಸ್ಕಾರ. ಫೋನ್ ಕೈಗೆಟಕುವಂತಿದ್ದರೆ ಈಗಲೇ ತೆಗೆದುಕೊಳ್ಳಿ, ಸೆಟ್ಟಿಂಗ್ಸ್‌ಗೆ ಹೋಗಿ ಬ್ಲೂಟೂತ್ ತೆರೆಯಿರಿ. ನೀವು ಈವರೆಗೆ ಪೇರ್ ಮಾಡಿದ್ದೆಲ್ಲ, ಅಂದರೆ ಬ್ಲೂಟೂತ್‌ನಲ್ಲಿ ಫೋನಿಗೆ ಜೋಡಿಸಿದ್ದೆಲ್ಲ, ಅಲ್ಲಿ ಸಾಲಾಗಿ ಕಾಣುತ್ತದೆ. ಕಳೆದುಹೋದ ಇಯರ್‌ಫೋನ್, ಯಾರಿಗೋ ಕೊಟ್ಟುಬಿಟ್ಟ ಸ್ಪೀಕರ್, ಯಾವತ್ತೋ ಎರಡು ದಿನ ಓಡಿಸಿದ ಬಾಡಿಗೆ ಕಾರು. ಇನ್ನೂ ಅಲ್ಲೇ ಇವೆ, ಅಲ್ವಾ?

ಒಮ್ಮೆ ಪೇರ್ ಮಾಡಿದರೆ ಎರಡೂ ಕಡೆ ಒಂದು ಗುಟ್ಟಿನ ಕೀ, ಅಂದರೆ ಬೀಗದ ಕೈಯಂಥ ಗುಪ್ತ ಸಂಖ್ಯೆ, ಉಳಿಯುತ್ತದೆ. ಮುಂದಿನ ಸಲ ಏನೂ ಕೇಳದೆ ಸೇರಿಕೊಳ್ಳುವುದು ಅದರಿಂದಲೇ. ನನಗೆ ಜಾಸ್ತಿ ಚಿಂತೆ ಕಾರಿನದು. ಹಾಡು ಕೇಳೋಣ ಅಂತ ಪೇರ್ ಮಾಡುತ್ತೇವೆ, ಕಾಂಟ್ಯಾಕ್ಟ್ಸ್ ಕೊಡಲಾ ಎಂದು ಫೋನ್ ಕೇಳಿದರೆ ಓದದೆ ಸುಮ್ನೆ ಓಕೆ ಒತ್ತುತ್ತೇವೆ, ಆಮೇಲೆ ಕಾರು ವಾಪಸ್ ಕೊಟ್ಟ ಮೇಲೂ ನಮ್ಮ ಮನೆಯವರ ಹೆಸರು, ನಂಬರು, ಯಾರ ಜೊತೆ ಯಾವಾಗ ಮಾತಾಡಿದೆವು ಅನ್ನುವುದೆಲ್ಲ ಅದರೊಳಗೇ ಉಳಿದಿರಬಹುದು. ಫೋನಿನಲ್ಲಿ ಅಳಿಸಿದರೆ ಸಾಲದು. ಕಾರಿನ ಸ್ಕ್ರೀನಿನಲ್ಲೂ ಅಳಿಸಿ.

ಬ್ಲೂಟೂತ್ ಮೂಲಕ ಯಾರಾದರೂ ಫೋನಿಗೆ ನುಗ್ಗಬೇಕಾದರೆ ಹತ್ತಿರ ಬರಬೇಕು ತಾನೇ ಅಂತ ಅನಿಸಬಹುದು. ಸಾಮಾನ್ಯ ಫೋನಿನ ಬ್ಲೂಟೂತ್ ಸುಮಾರು 10 ಮೀಟರ್ ಮುಟ್ಟುತ್ತದೆ ಅನ್ನುತ್ತಾರೆ, ನಿಜ. ಆದರೆ ದೊಡ್ಡ ಆಂಟೆನಾ ಗುರಿಯಿಟ್ಟು ಹಿಡಿದು ಒಂದು ಕಿಲೋಮೀಟರಿಗಿಂತ ದೂರದ ಫೋನನ್ನು ಮುಟ್ಟಿ ತೋರಿಸಿದ್ದು 2004ರಲ್ಲೇ. 2017ರಲ್ಲಿ ಬ್ಲೂಟೂತ್ ಸಾಫ್ಟ್‌ವೇರಿನಲ್ಲಿ ಬ್ಲೂಬೋರ್ನ್ ಎಂಬ ದೋಷಗಳು ಹೊರಬಿದ್ದವು. ಅವುಗಳ ಮೂಲಕ ಒಳನುಗ್ಗಲು ಪೇರ್ ಮಾಡುವುದೂ ಬೇಕಿರಲಿಲ್ಲ, ಬ್ಲೂಟೂತ್ ಆನ್ ಇದ್ದರೆ ಸಾಕಿತ್ತು. 2019ರಲ್ಲಿ ನಾಬ್ ಎಂಬ ಇನ್ನೊಂದು ದೋಷ ಬಯಲಾಯಿತು: ಎರಡು ಸಾಧನಗಳು ಕೀ ಎಷ್ಟು ಉದ್ದ ಇರಬೇಕೆಂದು ಮಾತಾಡಿಕೊಳ್ಳುವಾಗ ನಡುವೆ ನುಗ್ಗಿ ಅದನ್ನು ಒಂದೇ ಬೈಟಿಗೆ ಇಳಿಸಿಬಿಡಬಹುದಿತ್ತು. ಅಂದರೆ ಬರೀ 256 ಕೀಗಳನ್ನು ಒಂದೊಂದಾಗಿ ಹಾಕಿ ನೋಡಿದರೆ ಬೀಗ ತೆರೆಯಿತು!

ಈ ಎರಡು ದೋಷಗಳಿಗೂ ಅಪ್‌ಡೇಟ್ ಬಂದಿದೆ. ಆದರೆ ಅಪ್‌ಡೇಟ್ ನಿಂತುಹೋದ ಹಳೇ ಫೋನ್ ಇದೆಯಲ್ಲ, ಅದರಲ್ಲಿ ಬೇಕಾದಾಗ ಮಾತ್ರ ಬ್ಲೂಟೂತ್ ಹಾಕಿ. ಐಫೋನ್ ಇರುವವರು ಇದೊಂದು ಗಮನಿಸಿ: ಕಂಟ್ರೋಲ್ ಸೆಂಟರಿನ ಬಟನ್ ಒತ್ತಿದರೆ ಬ್ಲೂಟೂತ್ ಪೂರ್ತಿ ಆಫ್ ಆಗುವುದಿಲ್ಲ, ಸೆಟ್ಟಿಂಗ್ಸ್‌ಗೇ ಹೋಗಬೇಕು.

ಪೇರ್ ಮಾಡುವಾಗ ಆರು ಅಂಕಿ ಕಂಡರೆ ಎರಡೂ ಸ್ಕ್ರೀನ್ ನೋಡಿ, ಎರಡರಲ್ಲೂ ಅದೇ ಅಂಕಿಗಳಿದ್ದರೆ ಮಾತ್ರ ಒಪ್ಪಿಕೊಳ್ಳಿ. ಇಯರ್‌ಫೋನಿಗೆ ಸ್ಕ್ರೀನೇ ಇಲ್ಲ, ನಡುವೆ ಬೇರೆ ಯಾರೋ ಇದ್ದರೂ ನಮಗೆ ಗೊತ್ತಾಗುವುದಿಲ್ಲ. ಹಾಗಾಗಿ ಹೊಸದು ತಂದರೆ ಜನಜಂಗುಳಿಯಲ್ಲಿ ಬೇಡ, ಮನೆಗೆ ಬಂದು ಪೇರ್ ಮಾಡಿ. ನೀವು ಶುರು ಮಾಡದ ಕೋರಿಕೆ ತಾನಾಗಿ ಬಂದರೆ ಬೇಡ ಅನ್ನಿ. ಮತ್ತೆ ಹಲವು ಇಯರ್‌ಫೋನುಗಳಿಗೂ ಅಪ್‌ಡೇಟ್ ಬರುತ್ತದೆ, ಸಾಮಾನ್ಯವಾಗಿ ಅದರ ಆ್ಯಪ್ ತೆರೆದರೆ ಸಿಗುತ್ತದೆ. ಇವತ್ತೇ ತೆರೆದು ನೋಡಿ. ನಮಸ್ಕಾರ.