ಗಾಳಿ ನೋಡಿ ಕಂಬ ನೆಡೋಣ

ಎಲ್ಲರಿಗೂ ನಮಸ್ಕಾರ.

ಗದಗದಿಂದ ಮುಂಡರಗಿ ಕಡೆ ಹೊರಟರೆ ಕಪ್ಪತಗುಡ್ಡದ ಸಾಲಿನ ಮೇಲೆ ಬಿಳಿ ಫ್ಯಾನುಗಳು ಕಾಣುತ್ತವೆ. ಚಿತ್ರದುರ್ಗದ ಜೋಗಿಮಟ್ಟಿಯಲ್ಲೂ ಅಷ್ಟೇ. ಕರ್ನಾಟಕದಲ್ಲಿ ಈಗ 5,000 ಮೆಗಾವ್ಯಾಟ್‌ಗೂ ಜಾಸ್ತಿ ಗಾಳಿ ವಿದ್ಯುತ್ ಸಾಮರ್ಥ್ಯವಿದೆ. ಅವೆಲ್ಲ ಕಂಪನಿಗಳ ದೊಡ್ಡ ಯಂತ್ರಗಳು. ನಾನು ಇವತ್ತು ಮಾತಾಡುವುದು ಸಣ್ಣ ಯಂತ್ರಗಳ ಬಗ್ಗೆ. ಒಂದು ಶಾಲೆಯೋ, ತೋಟದ ಮನೆಯೋ, ಹಾಲಿನ ಡೇರಿಯೋ ಹಾಕಿಕೊಳ್ಳಬಹುದಾದ ಒಂದೆರಡು ಕಿಲೋವ್ಯಾಟ್‌ನ ಯಂತ್ರ.

ಇವುಗಳಿಗೆ ಕೇಂದ್ರ ಸರ್ಕಾರ ಬಹಳ ವರ್ಷ ಸಬ್ಸಿಡಿ ಕೊಟ್ಟಿತು. 2017ರವರೆಗೂ ಆ ಯೋಜನೆ ಇತ್ತು. ಅಷ್ಟು ವರ್ಷಗಳಲ್ಲಿ ಇಡೀ ದೇಶದಲ್ಲಿ ನಿಂತದ್ದು ಸುಮಾರು 3 ಮೆಗಾವ್ಯಾಟ್ ಚಿಲ್ಲರೆ. ಇವತ್ತು ಗುಡ್ಡದ ಮೇಲೆ ನಿಲ್ಲಿಸುವ ಒಂದೇ ಒಂದು ದೊಡ್ಡ ಫ್ಯಾನಿನ ಸಾಮರ್ಥ್ಯವೇ ಅಷ್ಟಿರುತ್ತದೆ. ಸಬ್ಸಿಡಿ ಸಾಲಲಿಲ್ಲ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ದುಡ್ಡಿನ ಗಂಟನ್ನು ನಾವು ತಪ್ಪು ಕಡೆ ಕಟ್ಟಿದೆವು.

ಒಂದು ಹಳ್ಳಿ ಶಾಲೆಗೆ ಹೋಗಿದ್ದೆ. ಮಾಳಿಗೆ ಮೇಲೆ ಆಳೆತ್ತರದ ಕಂಬ, ಅದರ ತುದಿಯಲ್ಲಿ ಪುಟ್ಟ ಫ್ಯಾನು. ಒಂದು ಪಕ್ಕ ನೀರಿನ ಟ್ಯಾಂಕು, ಇನ್ನೊಂದು ಪಕ್ಕ ದೊಡ್ಡ ಬೇವಿನ ಮರ. ಫ್ಯಾನಿನ ರೆಕ್ಕೆಗೆ ತೆಂಗಿನ ನಾರಿನ ಹಗ್ಗ ಬಿಗಿದು ಕಂಬಕ್ಕೆ ಕಟ್ಟಿದ್ದರು. ಯಾಕೆ ಅಂತ ಕೇಳಿದೆ. "ಸರ್, ಅದು ತಿರುಗಿದರೆ ಕ್ಲಾಸಿನಲ್ಲಿ ಗೋಡೆ ಗುಂಯ್ ಅನ್ನುತ್ತದೆ, ಮಕ್ಕಳಿಗೆ ಪಾಠ ಕೇಳಿಸುವುದಿಲ್ಲ" ಅಂದರು ಮೇಷ್ಟ್ರು. ಕೆಳಗೆ ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು. ರಿಪೇರಿಗೆ ಯಾರಿಗೆ ಫೋನ್ ಮಾಡಬೇಕೆಂದು ಅವರಿಗೂ ತಿಳಿದಿರಲಿಲ್ಲ. ಆ ಫ್ಯಾನು ಕಾಗದದಲ್ಲಿ ಇವತ್ತಿಗೂ ಒಂದು ಕಿಲೋವ್ಯಾಟ್ ಅಂತಲೇ ಲೆಕ್ಕದಲ್ಲಿದೆ.

ಇಲ್ಲಿ ಸ್ವಲ್ಪ ಗಣಿತ ಹೇಳಲೇಬೇಕು. ಗಾಳಿಯ ವೇಗ ಎರಡು ಪಟ್ಟಾದರೆ ಅದರಿಂದ ಸಿಗುವ ಶಕ್ತಿ ಎರಡು ಪಟ್ಟಲ್ಲ, ಎಂಟು ಪಟ್ಟು. ಎರಡು ಮೀಟರ್ ಅಗಲಕ್ಕೆ ಸುತ್ತುವ ಫ್ಯಾನು ತಗೊಳ್ಳಿ. ಸೆಕೆಂಡಿಗೆ 6 ಮೀಟರ್ ಗಾಳಿ ಬೀಸಿದರೆ 120 ವ್ಯಾಟ್ ಆಸುಪಾಸು ಕೊಡುತ್ತದೆ. ಗಾಳಿ 3 ಮೀಟರಿಗೆ ಇಳಿದರೆ? ಬರೀ 15 ವ್ಯಾಟ್. ಒಂದು ಎಲ್‌ಇಡಿ ಬಲ್ಬು. ಯಂತ್ರದ ಮೇಲೆ ಬರೆದಿರುವ ಕಿಲೋವ್ಯಾಟ್ ಸಾಮಾನ್ಯವಾಗಿ ಸೆಕೆಂಡಿಗೆ 11–12 ಮೀಟರ್ ಗಾಳಿಯ ಲೆಕ್ಕ. ಬೇವಿನ ಮರದ ಮರೆಯಲ್ಲಿ ಅಷ್ಟು ಗಾಳಿ ಎಲ್ಲಿಂದ ಬರಬೇಕು? ಸಬ್ಸಿಡಿ ಲೆಕ್ಕ ಹಾಕಿದ್ದು ಮಾತ್ರ ಆ ಬರೆದ ಕಿಲೋವ್ಯಾಟಿನ ಮೇಲೆ.

ಇದು ನಮಗೆ ಗೊತ್ತಿಲ್ಲದ ವಿದ್ಯೆಯೇನೂ ಅಲ್ಲ. ಗಾಳಿ ಬಂದಾಗ ತೂರಿಕೋ ಅಂತ ಗಾದೆ ಮಾಡಿದ ಜನ ನಾವು. ಮರದ ಮರೆಯಲ್ಲಿ ಯಾರಾದರೂ ಕಣ ಮಾಡಿದ್ದನ್ನು ನೋಡಿದ್ದೀರಾ? ಕಣಕ್ಕೆ ಜಾಗ ಆರಿಸುವಾಗ ರೈತ ಮೊದಲು ನೋಡುತ್ತಿದ್ದದ್ದು ಗಾಳಿ ಯಾವ ಕಡೆಯಿಂದ ಬರುತ್ತದೆ, ಅಡ್ಡ ಏನಿದೆ ಅಂತಲೇ. ಅಷ್ಟನ್ನು ಶಾಲೆಯ ಮಾಳಿಗೆ ಮೇಲೂ ಯಾರಾದರೂ ನೋಡಿದ್ದರೆ ಆ ಹಗ್ಗ ಬೇಕಾಗುತ್ತಿರಲಿಲ್ಲ.

ದೊಡ್ಡ ಯಂತ್ರಗಳ ವಿಷಯದಲ್ಲೂ ಮೊದಲು ಇದೇ ತಪ್ಪಾಗಿತ್ತು. 90ರ ದಶಕದಲ್ಲಿ ಗಾಳಿಯಂತ್ರ ಹಾಕಿದ ಕಂಪನಿ ಅದರ ಪೂರ್ತಿ ಬೆಲೆಯನ್ನು ಮೊದಲ ವರ್ಷವೇ ಸವಕಳಿ, ಅಂದರೆ ಯಂತ್ರ ಸವೆದ ನಷ್ಟ, ಅಂತ ತೋರಿಸಿ ತೆರಿಗೆ ಉಳಿಸಬಹುದಿತ್ತು. ಎಷ್ಟು ಯೂನಿಟ್ ಕರೆಂಟ್ ಬಂತು ಅನ್ನುವುದಕ್ಕೂ ಆ ಉಳಿತಾಯಕ್ಕೂ ಸಂಬಂಧ ಇರಲಿಲ್ಲ. 2009ರಲ್ಲಿ ಸರ್ಕಾರ ಇನ್ನೊಂದು ದಾರಿ ತೆರೆಯಿತು: ಗ್ರಿಡ್‌ಗೆ ಕೊಟ್ಟ ಪ್ರತಿ ಯೂನಿಟ್‌ಗೆ 50 ಪೈಸೆ ಪ್ರೋತ್ಸಾಹಧನ. ಫ್ಯಾನು ತಿರುಗಿದರೆ ದುಡ್ಡು. ಇದು ಸರಿಯಾದ ಯೋಚನೆ. ಆದರೆ ಈ ಯೋಚನೆ ಸಣ್ಣ ಯಂತ್ರಗಳವರೆಗೆ ಇಳಿದು ಬರಲೇ ಇಲ್ಲ.

ಡೆನ್ಮಾರ್ಕಿನ ಕಥೆ ನನಗೆ ತುಂಬ ಇಷ್ಟ. ಅಲ್ಲಿ ಇದನ್ನು ಶುರು ಮಾಡಿದವರು ನಮ್ಮ ಊರಿನ ಬಡಗಿ, ಕಮ್ಮಾರರಂಥ ಜನ. ಕ್ರಿಶ್ಚಿಯನ್ ರೀಸಗೇರ್ ಎಂಬ ಬಡಗಿ 70ರ ದಶಕದಲ್ಲಿ 22 ಕಿಲೋವ್ಯಾಟ್‌ನ ಯಂತ್ರ ಕಟ್ಟಿದ. 1979ರಲ್ಲಿ ಸರ್ಕಾರ ಯಂತ್ರದ ಬೆಲೆಯ ಶೇ. 30ರಷ್ಟು ತಾನು ಕೊಡುತ್ತೇನೆ ಅಂದಿತು. ಜೊತೆಗೆ ಒಂದು ಷರತ್ತು: ರೀಸೋ ಎಂಬಲ್ಲಿದ್ದ ಪರೀಕ್ಷಾ ಕೇಂದ್ರ ಒಪ್ಪಿದ ಯಂತ್ರಕ್ಕೆ ಮಾತ್ರ ದುಡ್ಡು. ಮುರಿದು ಬೀಳುವ ಯಂತ್ರಗಳು ಅಲ್ಲೇ ಸೋಸಿ ಹೋದವು. ಯಂತ್ರಗಳು ಗಟ್ಟಿಯಾದ ಹಾಗೆ ಸಬ್ಸಿಡಿಯನ್ನು ಇಳಿಸುತ್ತಾ ಬಂದು 1989ರಲ್ಲಿ ನಿಲ್ಲಿಸಿಬಿಟ್ಟರು. ಮುಂದೆ 2009ರ ಕಾನೂನಿನಲ್ಲಿ ಇನ್ನೊಂದು ಒಳ್ಳೆಯ ಮಾತು ಸೇರಿತು. ಹೊಸ ಗಾಳಿಯಂತ್ರದ ಕನಿಷ್ಠ ಶೇ. 20ರಷ್ಟು ಪಾಲನ್ನು ನಾಲ್ಕೂವರೆ ಕಿಲೋಮೀಟರ್ ಒಳಗೆ ವಾಸವಾಗಿರುವವರಿಗೆ ಮೊದಲು ಮಾರಲು ಇಡಬೇಕಿತ್ತು. 2020ರವರೆಗೆ ಈ ನಿಯಮ ಇತ್ತು. ಕಪ್ಪತಗುಡ್ಡದ ಬುಡದ ಊರುಗಳಲ್ಲಿ ನಿಂತು ಇದನ್ನು ಯೋಚಿಸಿ ನೋಡಿ.

ನಮ್ಮಲ್ಲೂ ಪರೀಕ್ಷೆ ಇರಲಿಲ್ಲ ಅಂತಲ್ಲ. ತಮಿಳುನಾಡಿನ ಕಯತ್ತಾರಿನಲ್ಲಿ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯವರು ಸಣ್ಣ ಯಂತ್ರಗಳನ್ನೂ ಪರೀಕ್ಷೆ ಮಾಡುತ್ತಾರೆ. ಯಂತ್ರಕ್ಕೆ ಪರೀಕ್ಷೆ ಇತ್ತು. ನಾನು ನೋಡಿದ ಶಾಲೆಯ ಜಾಗಕ್ಕೆ ಮಾತ್ರ ಯಾವ ಪರೀಕ್ಷೆಯೂ ಆಗಿರಲಿಲ್ಲ.

ಕೆಲವರು ಹೇಳುತ್ತಾರೆ, ಮನೆ ಮೇಲಿನ ಸೋಲಾರ್‌ಗೆ ಈಗ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆಯಲ್ಲ, ಗಾಳಿಗೂ ಹಾಗೇ ಕೊಡಲಿ ಅಂತ. ಬೇಡ. ಬಿಸಿಲು ನಿಮ್ಮ ಮಾಳಿಗೆಗೂ ಪಕ್ಕದ ಮಾಳಿಗೆಗೂ ಒಂದೇ. ಗಾಳಿ ಹಾಗಲ್ಲ, ನೂರು ಅಡಿ ಆಚೆ ಈಚೆ ಆದರೆ ಬೇರೆಯೇ. ಸೋಲಾರಿನ ನಿಯಮವನ್ನು ಸುಮ್ನೆ ಇಲ್ಲಿಗೂ ತಂದು ಹಾಕಿದರೆ ಮತ್ತೆ ಬೇವಿನ ಮರದ ಪಕ್ಕವೇ ಫ್ಯಾನು ನಿಲ್ಲುತ್ತದೆ. ಇವೆರಡರ ಜೋಡಿ ಮಾತ್ರ ಚೆನ್ನಾಗಿದೆ. ಆಷಾಢದಲ್ಲಿ ಮೋಡ ಮುಚ್ಚಿ ಸೋಲಾರ್ ಮಂಕಾದಾಗಲೇ ನಮ್ಮಲ್ಲಿ ಗಾಳಿ ಜೋರು, ಅಲ್ವಾ?

ನಾನು ಕೇಳುವುದು ಇಷ್ಟು. ಯಂತ್ರಕ್ಕೆ ದುಡ್ಡು ಕೊಡುವ ಮೊದಲು ಗಾಳಿ ಅಳೆಯುವುದಕ್ಕೆ ಕೊಡಿ. ಗಾಳಿಮಾಪಕ ಕಟ್ಟಿದ ಕಂಬವೊಂದನ್ನು ಪಂಚಾಯ್ತಿ ಒಂದು ವರ್ಷ ಎರವಲು ಕೊಡಲಿ. ಗಾಳಿ ಸಾಲದಿದ್ದರೆ ಅಲ್ಲಿಗೇ ಬಿಡೋಣ, ಸೋಲಾರ್ ಹಾಕೋಣ. ಸಾಲುವಷ್ಟಿದ್ದರೆ ಕಂಬಕ್ಕೆ ಧಾರಾಳವಾಗಿ ಕೊಡಿ. ಸುತ್ತ 500 ಅಡಿಯೊಳಗಿನ ಮರ, ಮನೆಗಳಿಗಿಂತ ಫ್ಯಾನು 30 ಅಡಿ ಮೇಲಿರಬೇಕು ಅನ್ನುವುದು ಈ ಕೆಲಸದವರ ಹಳೆಯ ಲೆಕ್ಕ. ಸಣ್ಣ ಕಂಬ ಹಾಕಿ ಉಳಿಸಿದ ದುಡ್ಡು ಉಳಿತಾಯವಲ್ಲ. ಇನ್ನು ಉಳಿದ ಸಬ್ಸಿಡಿಯನ್ನು ಒಂದೇ ಸಲ ಕೊಡದೆ, ಮೀಟರ್ ನೋಡಿ ಐದು ವರ್ಷ ಕೊಡಿ. ಆಗ ಯಂತ್ರ ಮಾರಿದವನೂ ಐದು ವರ್ಷ ಫೋನ್ ಎತ್ತುತ್ತಾನೆ. ತಾಲ್ಲೂಕಿನ ಐಟಿಐ ಹುಡುಗರಿಗೆ ಈ ರಿಪೇರಿ ಕಲಿಸಿ.

ನನ್ನ ಚೀಲದಲ್ಲಿ ಒಂದು ಪುಟ್ಟ ಗಾಳಿಮಾಪಕ ಇದೆ, ಮೂರು ಬಟ್ಟಲು ತಿರುಗುತ್ತಲ್ಲ, ಅಂಥದ್ದು. ಚಹಾ ಕುಡಿದು ಎಲ್ಲರೂ ಮಾಳಿಗೆಗೆ ಹೋಗೋಣ. ಮೊದಲು ಟ್ಯಾಂಕಿನ ಪಕ್ಕ ಹಿಡಿಯೋಣ, ಆಮೇಲೆ ಉದ್ದನೆಯ ಬಿದಿರಿಗೆ ಕಟ್ಟಿ ಮೇಲೆತ್ತೋಣ. ಎರಡೂ ಅಂಕಿಗಳನ್ನು ನೀವೇ ಬರೆದುಕೊಳ್ಳಿ.